ನಾಳೆಯನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

(ಸಂಘದ ವಾರ್ಷಿಕ ಸಭೆಯ ಅಂಗವಾಗಿ ಪ್ರೌಢಶಾಲೆ ಮತ್ತು ಕಾಲೇಜು ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)

 

ಇಂಗ್ಲಿಷ್ ವ್ಯಾಕರಣದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿರಿ ಎಂದು ಸಂಘದವರು ಕೇಳಿದಾಗ, ಇಡೀ ವ್ಯಾಕರಣವನ್ನು ಒಂದು ತಾಸಿನಲ್ಲಿ ಓಡಿಸುವುದು ಬೇಡ, ಒಂದೇ ವಿಷಯ ಹಿಡಿದು ಅದನ್ನೇ ಬಿಡಿಸಿ ನೋಡೋಣ ಎಂದು ನಿರ್ಧರಿಸಿದೆ. ಆ ವಿಷಯ ‘ನಾಳೆ’. ಮುಂದೆ ನಡೆಯುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಾರೆ ಎಂಬುದು.

ಪ್ರಶ್ನೆಪತ್ರಿಕೆಯಲ್ಲಿ ಒಂದು ವಾಕ್ಯ ಕೊಟ್ಟು ‘ಭವಿಷ್ಯತ್ ಕಾಲಕ್ಕೆ ಬದಲಾಯಿಸಿರಿ’ ಎಂದರೆ ನೀವೆಲ್ಲ ಏನು ಮಾಡುತ್ತೀರಿ? ‘ಹೀ ಗೋಸ್’ ಎಂದಿದ್ದುದನ್ನು ‘ಹೀ ವಿಲ್ ಗೋ’ ಮಾಡುತ್ತೀರಿ. ಅಂಕ ಬಂತು, ಮುಗಿಯಿತು. ಪರೀಕ್ಷೆಯ ಮಟ್ಟಿಗೆ ಅದು ಸರಿಯೇ, ಹಾಗೆಯೇ ಬರೆಯಿರಿ. ಆದರೆ ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದು ಸಂದರ್ಶನದಲ್ಲಿ ಕುಳಿತಾಗ, ಒಂದು ಅರ್ಜಿ ಬರೆಯುವಾಗ, ಒಂದು ಸರಕಾರಿ ಕಾಗದ ಓದುವಾಗ ಈ ಒಂದೇ ‘ವಿಲ್’ ಸಾಲುವುದಿಲ್ಲ. ನಾಳೆಯ ಎಲ್ಲ ಮಾತಿಗೂ ಅದನ್ನೇ ಹಚ್ಚಿದರೆ, ನೀವು ಹೇಳಬೇಕೆಂದದ್ದು ಒಂದು, ಕೇಳಿದವರು ತಿಳಿದದ್ದು ಇನ್ನೊಂದು ಆಗುತ್ತದೆ.

ಮೊದಲಿಗೆ ನಿಮಗೆ ಆಶ್ಚರ್ಯವಾಗುವಂಥ ಒಂದು ಸಂಗತಿ. ಇಂಗ್ಲಿಷ್ ಕ್ರಿಯಾಪದಕ್ಕೆ ಭವಿಷ್ಯತ್ ಕಾಲದ ರೂಪವೇ ಇಲ್ಲ. ‘ವಾಕ್’ ಇದೆ, ‘ವಾಕ್ಡ್’ ಇದೆ. ‘ಗೋ’ ಇದೆ, ‘ವೆಂಟ್’ ಇದೆ. ಮೂರನೆಯದು ಎಲ್ಲಿದೆ ಹುಡುಕಿ ನೋಡಿರಿ, ಸಿಗುವುದಿಲ್ಲ. ಡೆನ್ಮಾರ್ಕಿನ ದೊಡ್ಡ ವ್ಯಾಕರಣಕಾರ ಆಟೊ ಯೆಸ್ಪರ್ಸನ್ (1860–1943) ಇದನ್ನು ಬಹಳ ಹಿಂದೆಯೇ ಹೇಳಿದರು. 1985ರಲ್ಲಿ ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಅವರ ಮೂವರು ಸಂಗಡಿಗರು ಬರೆದ ಬೃಹತ್ ಇಂಗ್ಲಿಷ್ ವ್ಯಾಕರಣದ ನಿಲುವೂ ಅದೇ. ಭೂತಕಾಲ, ವರ್ತಮಾನ ಇವೆರಡೇ ನಿಜವಾದ ಕಾಲರೂಪಗಳು. ನಾಳೆಯನ್ನು ಹೇಳಲು ಇಂಗ್ಲಿಷ್ ಬೇರೆ ಬೇರೆ ಕಡೆಯಿಂದ ಮಾತನ್ನು ಕಡ ತರುತ್ತದೆ. ಶಾಲೆಯ ಪುಸ್ತಕಗಳು ಕಲಿಸುವ ಅನುಕೂಲಕ್ಕಾಗಿ ‘ವಿಲ್’ ಒಂದನ್ನೇ ಭವಿಷ್ಯತ್ ಕಾಲ ಎಂದು ಹೆಸರಿಟ್ಟು ಕೂರಿಸಿವೆ.

ಈ ‘ವಿಲ್’ ಎಲ್ಲಿಂದ ಬಂತು? ಜಮಖಂಡಿಯ ಕೋರ್ಟಿನ ಹತ್ತಿರ ಹೋದರೆ ‘ವಿಲ್ ಬರೆಸಬೇಕ್ರಿ’ ಎಂದು ಹಳ್ಳಿಯ ಹಿರಿಯರು ಹೇಳುವುದು ಕೇಳಿಸುತ್ತದೆ. ಮೃತ್ಯುಪತ್ರ, ಉರ್ದುವಿನಲ್ಲಿ ವಸೀಯತ್‌ನಾಮಾ. ಆ ‘ವಿಲ್’ ಮತ್ತು ನಿಮ್ಮ ವ್ಯಾಕರಣದ ‘ವಿಲ್’ ಒಂದೇ ಮನೆಯವು. ಹಳೆಯ ಇಂಗ್ಲಿಷಿನಲ್ಲಿ ‘ವಿಲ್ಲನ್’ ಎಂದರೆ ಇಚ್ಛಿಸು, ಬಯಸು. ಅದರ ಜೋಡಿ ‘ಶಲ್’; ಅದರ ಮೂಲ ‘ಸ್ಕುಲನ್’ ಎಂದರೆ ಸಾಲ ಕೊಡಬೇಕಾಗಿರು, ಬಾಧ್ಯನಾಗಿರು. ಒಂದು ಆಸೆಯ ಮಾತು, ಇನ್ನೊಂದು ಸಾಲದ ಮಾತು. ಆ ಕಾಲದ ಇಂಗ್ಲಿಷರು ನಾಳೆಯನ್ನು ವರ್ತಮಾನದ ರೂಪದಲ್ಲೇ ಹೇಳುತ್ತಿದ್ದರು, ನಮ್ಮ ಹಾಗೆಯೇ. ಕಾಲಕ್ರಮದಲ್ಲಿ ಆಸೆ ಮತ್ತು ಸಾಲ ಎರಡೂ ಸವೆದು ಭವಿಷ್ಯದ ಗುರುತುಗಳಾದವು. 1653ರಲ್ಲಿ ಜಾನ್ ವ್ಯಾಲಿಸ್ ಎಂಬ ಗಣಿತಜ್ಞರು ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ, ಬರಿಯ ಭವಿಷ್ಯ ಹೇಳುವಾಗ ‘ಐ’ ಬಂದಲ್ಲಿ ‘ಶಲ್’, ‘ಹೀ’ ಬಂದಲ್ಲಿ ‘ವಿಲ್’ ಎಂಬ ನಿಯಮ ಹೇಳಿದರು. ಆ ನಿಯಮ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕದ ಮೂಲಕ ನಮ್ಮ ಊರುಗಳಿಗೂ ಬಂತು. ಇಲ್ಲಿ ಕುಳಿತ ಹಿರಿಯರು ಅದನ್ನು ಬಾಯಿಪಾಠ ಮಾಡಿದವರೇ. ಈಗ ಮಾತಿನಲ್ಲಿ ಅದನ್ನು ಪಾಲಿಸುವವರು ಬಹಳ ಕಡಿಮೆ. ‘ಐ ವಿಲ್’ ಎಂದರೆ ಯಾರೂ ತಪ್ಪು ಎನ್ನುವುದಿಲ್ಲ.

‘ಶಲ್’ ದಿನನಿತ್ಯದ ಮಾತಿನಲ್ಲಿ ಉಳಿದದ್ದು ಹೆಚ್ಚಾಗಿ ಕೇಳುವ ವಾಕ್ಯಗಳಲ್ಲಿ. ಮನೆಗೆ ಬಂದವರಿಗೆ ‘ಚಹಾ ತರ‍್ಲ್ಯಾ?’ ಎನ್ನುತ್ತೇವಲ್ಲ, ದಖನಿಯಲ್ಲಿ ‘ಚಾ ಲಾವೂಂ?’ ಎನ್ನುತ್ತೀರಲ್ಲ, ಅದು ‘ಶಲ್ ಐ ಬ್ರಿಂಗ್ ಟೀ?’ ‘ಹೋಗೂಣೇನು?’ ಎನ್ನುವುದು ‘ಶಲ್ ವಿ ಗೋ?’ ಇಲ್ಲಿ ‘ವಿಲ್ ಐ ಬ್ರಿಂಗ್ ಟೀ?’ ಎಂದರೆ, ನಾನು ಚಹಾ ತರುತ್ತೇನೋ ಇಲ್ಲವೋ ನೀವೇ ಭವಿಷ್ಯ ಹೇಳಿರಿ ಎಂದು ಅತಿಥಿಯನ್ನು ಕೇಳಿದ ಹಾಗಾಗುತ್ತದೆ. ಕಾನೂನಿನ ಕಾಗದದಲ್ಲಿ ‘ಶಲ್’ ಇನ್ನೂ ಗಟ್ಟಿಯಾಗಿ ಕುಳಿತಿದೆ, ಆ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈಗ ನಮ್ಮ ಮಾತಿನ ಕಡೆ ನೋಡೋಣ. ಕನ್ನಡ ವ್ಯಾಕರಣದಲ್ಲಿ ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಕಾಲ ಓದಿದ್ದೀರಿ. ‘ಹೋದೆನು, ಹೋಗುತ್ತೇನೆ, ಹೋಗುವೆನು’. ಆದರೆ ಬನಹಟ್ಟಿಯ ಪೇಟೆಯಲ್ಲಿ ಯಾರಾದರೂ ‘ನಾಳೆ ಹೋಗುವೆನು’ ಎಂದದ್ದು ಕೇಳಿದ್ದೀರಾ? ಅದು ಪುಸ್ತಕದಲ್ಲಿ ಮತ್ತು ನಾಟಕದ ಕಂಪನಿಯಲ್ಲಿ ಮಾತ್ರ. ನಾವು ‘ದಿನಾ ಹೋಗ್ತೀನಿ’ ಎನ್ನುವುದಕ್ಕೂ ‘ನಾಳೆ ಹೋಗ್ತೀನಿ’ ಎನ್ನುವುದಕ್ಕೂ ಒಂದೇ ರೂಪ ಬಳಸುತ್ತೇವೆ. ಮನೆಯಲ್ಲಿ ದಖನಿ ಆಡುವವರೂ ಅಷ್ಟೆ. ಶಾಲೆಯ ಉರ್ದುವಿನಲ್ಲಿ ‘ಕಲ್ ಜಾವೂಂಗಾ’ ಎಂದು ಬರೆಯುತ್ತೀರಿ, ಅಮ್ಮಿಯ ಹತ್ತಿರ ‘ಕಲ್ ಜಾತೂಂ’ ಎನ್ನುತ್ತೀರಿ. ಅದರ ಮೇಲೆ ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು! ಹಾಗಿದ್ದೂ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ನಿನ್ನೆ ನಾಳೆ ಕಲೆಸಿ ಯಾರೂ ಮದುವೆ ತಪ್ಪಿಸಿಕೊಂಡಿಲ್ಲ.

ಹಾಗಾದರೆ ನಮ್ಮ ಮಾತು ಬಡವೇ? ಖಂಡಿತ ಇಲ್ಲ. ಈ ಐದು ವಾಕ್ಯಗಳನ್ನು ಕೇಳಿರಿ, ಎಲ್ಲವೂ ನಮ್ಮ ಭಾಗದವು. ‘ಇರ‍್ಲಿ ಬಿಡ್ರಿ, ನಾ ಒಯ್ತೀನಿ.’ ‘ನಾ ನಾಳೆ ವಿಜಾಪುರಕ್ಕ ಹೋಗಾಂವ ಅದೀನಿ.’ ‘ಸೋಮವಾರ ಕಬ್ಬಿನ ಗ್ಯಾಂಗ್ ಬರೋದೈತಿ.’ ‘ಬಸ್ ಆರಕ್ಕ ಐತಿ.’ ‘ಮಳಿ ಬಂದೀತು.’ ಐದೂ ಮುಂದಿನ ಮಾತುಗಳೇ, ಆದರೆ ಐದಕ್ಕೂ ಬೇರೆ ಬೇರೆ ಬಲ ಇದೆ. ಒಂದು ಈಗಿಂದೀಗ ಮಾಡಿದ ನಿರ್ಧಾರ, ಒಂದು ಮೊದಲೇ ಮನಸ್ಸಿನಲ್ಲಿದ್ದ ಉದ್ದೇಶ, ಒಂದು ಇನ್ನೊಬ್ಬರೊಡನೆ ಗೊತ್ತುಮಾಡಿಕೊಂಡದ್ದು, ಒಂದು ವೇಳಾಪಟ್ಟಿಯದು, ಒಂದು ಊಹೆ. ಇಂಗ್ಲಿಷೂ ಸರಿಯಾಗಿ ಇವೇ ಭೇದಗಳನ್ನು ಕೇಳುತ್ತದೆ. ‘ಯಾವ ಕಾಲ?’ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ‘ಈ ನಾಳೆ ಯಾವುದರ ಬಲದ ಮೇಲೆ ನಿಂತಿದೆ?’ ಎಂದು ಕೇಳಿಕೊಂಡರೆ ಸಿಗುತ್ತದೆ.

ಒಂದೊಂದಾಗಿ ನೋಡೋಣ. ಅಜ್ಜಿಯೊಬ್ಬರು ಜಮಖಂಡಿ ಬಸ್ ನಿಲ್ದಾಣದಲ್ಲಿ ಭಾರದ ಚೀಲ ಎತ್ತಲಾರದೆ ನಿಂತಿದ್ದಾರೆ. ನೀವು ಓಡಿಹೋಗಿ ‘ಬಿಡ್ರಿ ಅಜ್ಜಿ, ನಾ ಒಯ್ತೀನಿ’ ಎನ್ನುತ್ತೀರಿ. ಅರ್ಧ ನಿಮಿಷದ ಹಿಂದೆ ಆ ವಿಚಾರ ನಿಮ್ಮ ತಲೆಯಲ್ಲಿ ಇರಲಿಲ್ಲ. ಇದು ‘ಐ ವಿಲ್ ಕ್ಯಾರಿ ಇಟ್’. ಇಲ್ಲಿ ‘ವಿಲ್’ ತನ್ನ ಹಳೆಯ ಇಚ್ಛೆಯ ಅರ್ಥವನ್ನು ಇನ್ನೂ ಇಟ್ಟುಕೊಂಡಿದೆ. ಮಾತು ಕೊಡುವುದಕ್ಕೂ ಇದೇ: ‘ಐ ವಿಲ್ ರಿಟರ್ನ್ ಯುವರ್ ಬುಕ್ ಟುಮಾರೊ’. ಕನ್ನಡದ ‘ಬಿಡ್ರಿ’, ‘ತಗೋರಿ’ ಬರುವ ಕಡೆ ‘ವಿಲ್’ ಹೊಂದುತ್ತದೆ ಎಂದು ಗುರುತಿಟ್ಟುಕೊಳ್ಳಿರಿ, ಹತ್ತಕ್ಕೆ ಎಂಟು ಸಲ ಸರಿಹೋಗುತ್ತದೆ.

ಎರಡನೆಯದು ‘ಗೋಯಿಂಗ್ ಟು’. ಮೊದಲು ಇದು ನಿಜವಾಗಿ ನಡೆದು ಹೋಗುವ ಮಾತಾಗಿತ್ತು: ಅಣ್ಣನನ್ನು ನೋಡಲು ಹೊರಟಿದ್ದೇನೆ ಎನ್ನುವ ಹಾಗೆ. ಹದಿನೇಳನೇ ಶತಮಾನದ ಹೊತ್ತಿಗೆ ನಡಿಗೆ ಮರೆತುಹೋಗಿ ಉದ್ದೇಶ ಉಳಿದಿತ್ತು. ಈಗ ‘ಐ ಆ್ಯಮ್ ಗೋಯಿಂಗ್ ಟು ಸ್ಟೇ ಹಿಯರ್’ ಎನ್ನಬಹುದು. ಶಬ್ದಕ್ಕೆ ಶಬ್ದ ಇಟ್ಟರೆ ‘ಇಲ್ಲೇ ಇರಲು ಹೋಗುತ್ತಿದ್ದೇನೆ’ ಎಂದು ನಗೆ ಬರುತ್ತದೆ, ಇಂಗ್ಲಿಷರಿಗೆ ಬರುವುದಿಲ್ಲ. ನಮ್ಮ ‘ಹೋಗಾಂವ ಅದೀನಿ’, ಹೆಣ್ಣುಮಕ್ಕಳ ‘ಹೋಗಾಕಿ ಅದೀನಿ’, ಉರ್ದುವಿನ ‘ಜಾನೇವಾಲಾ ಹೂಂ’ ಇವೆಲ್ಲ ಅದರ ಜೊತೆಯವು. ಮೊದಲೇ ನಿರ್ಧರಿಸಿದ್ದೇನೆ, ಈಗ ನಿಮಗೆ ತಿಳಿಸುತ್ತಿದ್ದೇನೆ ಎಂದು ಅರ್ಥ. ಇದಕ್ಕೆ ಇನ್ನೊಂದು ಉಪಯೋಗವೂ ಇದೆ. ಪಡುವಣ ದಿಕ್ಕಿನಲ್ಲಿ ಮೋಡ ಕಪ್ಪಾಗಿ ಕವಿದು ತಂಗಾಳಿ ಬೀಸಿದರೆ ‘ಮಳಿ ಬರೂ ಹಂಗ ಐತಿ’ ಎನ್ನುತ್ತೇವೆ. ಕಣ್ಣಿಗೆ ಕಾಣುವ ಕುರುಹು ಇದೆ, ಆದ್ದರಿಂದ ‘ಇಟ್ ಈಸ್ ಗೋಯಿಂಗ್ ಟು ರೇನ್’. ಕುರುಹಿಲ್ಲದೆ, ಅನುಭವದ ಮೇಲೆ, ‘ಈ ವರ್ಷ ಮಳಿ ಚೊಲೊ ಆಗತೈತಿ’ ಎಂದರೆ ‘ವಿಲ್’ ಸಾಕು. ‘ಮಳಿ ಬಂದೀತು’ ಎಂದು ಅನುಮಾನ ಹೇಳಿದರೆ ‘ಇಟ್ ಮೇ ರೇನ್’. ಈ ‘ಬಂದೀತು, ಆದೀತು, ಹೋದಾನು’ ಎಂಬ ಸಂಭಾವನೆಯ ರೂಪ ಕನ್ನಡದ ಬಹಳ ಸೊಗಸಾದ ಆಸ್ತಿ. ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದದೊಳಗೆ ಅದನ್ನು ಹೇಳಲು ಬರುವುದಿಲ್ಲ, ‘ಮೇ’, ‘ಮೈಟ್’ ಸೇರಿಸಬೇಕು.

ಮೂರನೆಯದಕ್ಕೆ ನಮ್ಮ ವಿದ್ಯಾರ್ಥಿಗಳು ಹೆಚ್ಚು ಹಿಂಜರಿಯುತ್ತಾರೆ. ಮುಧೋಳದ ಕಡೆ ಕಬ್ಬಿನ ಹಂಗಾಮು. ಕಟಾವಿನ ಗ್ಯಾಂಗಿನವರ ಜೊತೆ ಮಾತಾಗಿದೆ, ಮುಂಗಡ ಕೊಟ್ಟಾಗಿದೆ, ಸೋಮವಾರ ಎಂದು ಗೊತ್ತಾಗಿದೆ. ಇಂಗ್ಲಿಷಿನಲ್ಲಿ ಇದು ‘ದಿ ಗ್ಯಾಂಗ್ ಈಸ್ ಕಮಿಂಗ್ ಆನ್ ಮಂಡೇ’. ‘ಇಂಗ್’ ಬಂದರೆ ಈಗ ನಡೆಯುತ್ತಿರುವುದು ಎಂದು ಕಲಿತ ಮಕ್ಕಳು ‘ಸೋಮವಾರ ಇನ್ನೂ ಬಂದೇ ಇಲ್ಲವಲ್ಲ ಸರ್’ ಎನ್ನುತ್ತಾರೆ. ಸೋಮವಾರ ಬಂದಿಲ್ಲ, ಆದರೆ ಏರ್ಪಾಡು ಈಗಾಗಲೇ ಬಂದಿದೆ. ಅಕ್ಕನ ನಿಕಾಹ್ ಹನ್ನೆರಡನೇ ತಾರೀಖಿಗೆ ಗೊತ್ತಾಗಿದೆ, ಶಾದಿಮಹಲ್ ಬುಕ್ ಆಗಿದೆ, ಕಾರ್ಡು ಅಚ್ಚಾಗಿದೆ ಎಂದರೆ ‘ಮೈ ಸಿಸ್ಟರ್ ಈಸ್ ಗೆಟಿಂಗ್ ಮ್ಯಾರೀಡ್ ಆನ್ ದಿ ಟ್ವೆಲ್ಫ್ತ್’. ಅಲ್ಲಿ ‘ವಿಲ್ ಗೆಟ್ ಮ್ಯಾರೀಡ್’ ಎಂದರೆ ಯಾವಾಗಲೋ ಒಂದು ದಿನ ಆದೀತು ಎಂಬ ಧ್ವನಿ ಹೊರಡುತ್ತದೆ. ನಮ್ಮ ‘ಬರೋದೈತಿ, ಹೋಗೋದೈತಿ’ ಇದಕ್ಕೆ ಬಹಳ ಹತ್ತಿರ.

ನಾಲ್ಕನೆಯದು ವೇಳಾಪಟ್ಟಿಯದು. ‘ದಿ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ’. ನಾಳಿನ ಮಾತು, ಸಾದಾ ವರ್ತಮಾನದ ರೂಪ. ಬಸ್ಸು, ಪರೀಕ್ಷೆ, ಶಾಲೆಯ ಆರಂಭ, ರಮಜಾನಿನ ಸಹರಿ ಮುಗಿಯುವ ವೇಳೆ, ಹೀಗೆ ಯಾರೋ ಮೊದಲೇ ಪಟ್ಟಿ ಮಾಡಿಟ್ಟದ್ದಕ್ಕೆ ಇದು. ನಿಮ್ಮ ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದಲೇ ಬಾಗಲಕೋಟೆಯವರು ‘ದಿ ಟ್ರೇನ್ ಲೀವ್ಸ್ ಅಟ್’ ಎಂದು ವೇಳೆ ಹೇಳಬಲ್ಲರು. ಜಮಖಂಡಿ, ರಬಕವಿಯವರಿಗೆ ಆ ವಾಕ್ಯ ಇನ್ನೂ ಸಿಕ್ಕಿಲ್ಲ. ಬಾಗಲಕೋಟೆ–ಕುಡಚಿ ರೈಲು ಮಾರ್ಗದ ಕೆಲಸ ಬಾಗಲಕೋಟೆ ಕಡೆಯಿಂದ ಮುಂದುವರಿದಿದೆ, ಹಳಿ ಕಣ್ಣಿಗೆ ಕಾಣುವಲ್ಲಿ ‘ಈಸ್ ಗೋಯಿಂಗ್ ಟು ಕಮ್’ ಎನ್ನಿರಿ. ಉಳಿದವರು ಸದ್ಯ ‘ವಿಲ್ ಕಮ್’ ಎನ್ನುತ್ತ ಕೂರಬೇಕು.

ಇನ್ನು ಕೆಲವು ಸಣ್ಣವು ಇವೆ, ಬೇಗ ಹೇಳಿ ಮುಗಿಸುತ್ತೇನೆ. ‘ಇನ್ನೇನು ಬಿಡೂದರಾಗ ಐತಿ’ ಎಂದರೆ ‘ಈಸ್ ಅಬೌಟ್ ಟು ಲೀವ್’. ‘ಅಷ್ಟೊತ್ತಿಗೆ ಮುಗಿಸಿರತೀನಿ’ ಎಂದರೆ ‘ಐ ವಿಲ್ ಹ್ಯಾವ್ ಫಿನಿಶ್ಡ್ ಬೈ ದೆನ್’; ಮಕ್ಕಳು ಇದನ್ನು ಕಠಿಣ ಎನ್ನುತ್ತಾರೆ, ಆದರೆ ಕನ್ನಡದ ‘ಮುಗಿಸಿರುತ್ತೇನೆ’ಯ ಪಕ್ಕ ಇಟ್ಟರೆ ಒಂದು ನಿಮಿಷದ ಪಾಠ.

ಇಲ್ಲಿ ಒಂದು ಮಾತು ಅರಬ್ಬಿಯ ಬಗ್ಗೆ. ಮದರಸಾದಲ್ಲಿ ಓದಿದವರಿಗೆ ಗೊತ್ತು, ಅರಬ್ಬಿಯಲ್ಲಿ ಮುಂದಿನದನ್ನು ಹೇಳಲು ವರ್ತಮಾನದ ರೂಪದ ಮೊದಲು ‘ಸ’ ಅಥವಾ ‘ಸೌಫ’ ಸೇರಿಸುತ್ತಾರೆ. ಆದರೆ ಜುಮ್ಮಾ ದಿನ ನಮ್ಮಲ್ಲಿ ಅನೇಕರು ಓದುವ ಸೂರಾ ಅಲ್-ಕಹ್ಫ್‌ನ 23 ಮತ್ತು 24ನೇ ಆಯತುಗಳನ್ನು ಗಮನಿಸಿರಿ. ಯಾವುದೇ ಕೆಲಸದ ವಿಷಯದಲ್ಲಿ ಅಲ್ಲಾಹನ ಇಚ್ಛೆಯನ್ನು ಸೇರಿಸದೆ ‘ನಾಳೆ ಮಾಡುತ್ತೇನೆ’ ಎಂದು ಹೇಳಬಾರದು ಎಂಬ ಆದೇಶ ಅಲ್ಲಿದೆ. ನಾವು ‘ಇನ್‌ಶಾ ಅಲ್ಲಾಹ್’ ಎನ್ನುವುದಕ್ಕೆ ಆಧಾರ ಅದು. ಹೇಳಬಾರದು ಎಂದ ಆ ಮಾತಿನಲ್ಲಿ ‘ಸ’ವೂ ಇಲ್ಲ, ‘ಸೌಫ’ವೂ ಇಲ್ಲ, ‘ಫಾಇಲ್’ ಎಂಬ ಪದ ಇದೆ. ಫಾಇಲ್ ಎಂದರೆ ಮಾಡುವವನು. ನಮ್ಮ ಭಾಷೆಯಲ್ಲಿ ‘ಮಾಡಾಂವ ಅದೀನಿ’, ಉರ್ದುವಿನಲ್ಲಿ ‘ಕರನೇವಾಲಾ ಹೂಂ’! ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಗಟ್ಟಿಯಾದ ಉದ್ದೇಶವನ್ನು ಹೇಳಲು ಒಂದೇ ದಾರಿ ಹಿಡಿದಿವೆ. ವ್ಯಾಕರಣದ ಮೇಷ್ಟ್ರಿಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ.

ಆದರೆ ‘ಇನ್‌ಶಾ ಅಲ್ಲಾಹ್’ ಎಂಬುದನ್ನು ನಾವು ಹೇಗೆ ಬಳಸುತ್ತಿದ್ದೇವೆ? ಸಾಲ ಕೇಳಿದವನಿಗೆ, ಚಂದಾ ಕೇಳಲು ಬಂದವರಿಗೆ ‘ಇಲ್ಲ’ ಎನ್ನಲು ಮುಜುಗರವಾದಾಗ ‘ಇನ್‌ಶಾ ಅಲ್ಲಾಹ್, ನೋಡೂಣ್’ ಎಂದು ಸಾಗಹಾಕುತ್ತೇವೆ. ಮಾಡುವ ಮನಸ್ಸು ಪೂರ್ತಿ ಇದ್ದು, ಆಗುಹೋಗು ನಮ್ಮ ಕೈಯಲ್ಲಿಲ್ಲ ಎಂದು ಒಪ್ಪುವ ಮಾತು ಅದು. ಮನಸ್ಸಿಲ್ಲದ್ದನ್ನು ಮುಚ್ಚುವ ಬಟ್ಟೆಯಲ್ಲ. ಸಂದರ್ಶನದಲ್ಲಿ ಅದನ್ನು ಹೇಳಬಹುದೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದ. ಧಾರಾಳವಾಗಿ ಹೇಳಬಹುದು, ಆದರೆ ಅದರ ಮೊದಲು ವಾಕ್ಯ ಗಟ್ಟಿಯಾಗಿರಲಿ.

ಸಂದರ್ಶನದ ಮಾತು ಬಂತು, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬನಹಟ್ಟಿಯಲ್ಲಿ ಮಗ್ಗದ ಮನೆಯ ಹುಡುಗಿಯೊಬ್ಬಳು ಎಂದಿಟ್ಟುಕೊಳ್ಳಿರಿ. ಬಿ.ಎಸ್ಸಿ. ಕೊನೆಯ ವರ್ಷ. ವಿದ್ಯಾರ್ಥಿವೇತನ ಕೊಡುವವರು ಕೇಳುತ್ತಾರೆ: ಡಿಗ್ರಿ ಮುಗಿದ ಮೇಲೆ ಏನು ಮಾಡುತ್ತೀ? ಅವಳು ‘ಐ ವಿಲ್ ಡೂ ಬಿ.ಎಡ್.’ ಎಂದರೆ ವ್ಯಾಕರಣ ತಪ್ಪಿಲ್ಲ. ಆದರೆ ನೀವು ಕೇಳಿದ್ದರಿಂದ ಈಗ ಹೊಳೆಯಿತು, ಮಾಡುತ್ತೇನೆ ಬಿಡಿರಿ ಎಂಬ ಛಾಯೆ ಅದರಲ್ಲಿ ಬರುತ್ತದೆ. ‘ಐ ಆ್ಯಮ್ ಗೋಯಿಂಗ್ ಟು ಡೂ ಬಿ.ಎಡ್.’ ಎಂದರೆ ನಾನು ವಿಚಾರ ಮಾಡಿ ನಿರ್ಧರಿಸಿ ಇಲ್ಲಿಗೆ ಬಂದಿದ್ದೇನೆ ಎಂದಾಗುತ್ತದೆ. ಪ್ರವೇಶ ಸಿಕ್ಕಿದ್ದರೆ ‘ಐ ಆ್ಯಮ್ ಜಾಯಿನಿಂಗ್’ ಎನ್ನಬೇಕು. ಸಿಗದೇ ಹಾಗೆನ್ನುವುದು ಸುಳ್ಳು ಹೇಳಿದಂತೆ, ಮುಂದಿನ ಪ್ರಶ್ನೆಯೇ ‘ಯಾವ ಕಾಲೇಜು, ಯಾವ ತಾರೀಖು’ ಎಂದು ಬರುತ್ತದೆ. ಬಯಕೆ ಇದೆ, ದುಡ್ಡಿನ ದಾರಿ ಇನ್ನೂ ಕಾಣುತ್ತಿಲ್ಲ ಎಂದರೆ ‘ಐ ಹೋಪ್ ಟು ಡೂ ಬಿ.ಎಡ್.’ ನಾಚಿಕೆಪಡುವಂಥದ್ದು ಏನೂ ಇಲ್ಲ, ವಿದ್ಯಾರ್ಥಿವೇತನ ಇರುವುದೇ ಆ ‘ಹೋಪ್’ ಅನ್ನು ಮುಂದಿನ ಮೆಟ್ಟಿಲಿಗೆ ಏರಿಸಲು.

ಪಾಲಕರು ಇದ್ದೀರಿ, ನಿಮಗೂ ಹೇಳುತ್ತೇನೆ. ಮಗಳ ಮುಂದಿನ ಓದಿನ ಬಗ್ಗೆ ಕೇಳಿದರೆ ‘ಓದಸ್ತೀವ್ರಿ, ನೋಡೂಣ್’ ಎನ್ನುತ್ತೀರಿ. ಅದನ್ನು ನಿಮ್ಮ ಮಗಳು ಇಂಗ್ಲಿಷಿಗೆ ಅನುವಾದಿಸಬೇಕಾದರೆ ಯಾವ ರೂಪ ಬಳಸಬೇಕು? ‘ವಿ ವಿಲ್ ಸೀ’ ಎಂದೇ ಬರೆಯಬೇಕಾಗುತ್ತದೆ. ಆ ವಾಕ್ಯದಲ್ಲಿ ಓದು ಎಂಬ ಶಬ್ದವೇ ಉಳಿಯುವುದಿಲ್ಲ. ಆಕೆ ಸಂದರ್ಶನದಲ್ಲಿ ‘ಐ ಆ್ಯಮ್ ಗೋಯಿಂಗ್ ಟು’ ಎಂದು ಧೈರ್ಯದಿಂದ ಹೇಳಬೇಕಾದರೆ, ಅದಕ್ಕೆ ಮೊದಲು ಮನೆಯಲ್ಲಿ ‘ಓದಸಾವ್ರ ಅದೀವಿ’ ಎಂಬ ಮಾತು ಆಗಿರಬೇಕಲ್ಲವೇ? ಮನೆಯಲ್ಲಿ ಇಲ್ಲದ ಕ್ರಿಯಾಪದವನ್ನು ಮಗು ಇಂಗ್ಲಿಷಿನಲ್ಲಿ ಎಲ್ಲಿಂದ ತರಬೇಕು?

ಈಗ ನಮ್ಮ ಮಾತಿನಿಂದಲೇ ಬರುವ ಎರಡು ಮೂರು ಎಡವಟ್ಟುಗಳು. ಕಚೇರಿಯಿಂದ ಹೊರಡುವಾಗ ‘ಬರ‍್ತೀನ್ರಿ ಸರ್’ ಎನ್ನುತ್ತೇವೆ. ಹೋಗುತ್ತೇನೆ ಎನ್ನುವುದು ಅಶುಭ, ಆದ್ದರಿಂದ ಬರುತ್ತೇನೆ. ಅದನ್ನು ‘ಐ ವಿಲ್ ಕಮ್ ಸರ್’ ಎಂದು ಇಂಗ್ಲಿಷಿಗೆ ತಿರುಗಿಸಿ ಹೊರಟರೆ ಆ ಸಾಹೇಬರು ನಿಮಗಾಗಿ ಕಾಯುತ್ತ ಕೂರುತ್ತಾರೆ. ಇನ್ನೊಂದು, ತಾಯಿ ಒಳಗಿನಿಂದ ಕರೆದರೆ ಕುಳಿತಲ್ಲಿಂದಲೇ ‘ಬಂದೆ, ಬಂದೆ’ ಎನ್ನುತ್ತೇವೆ, ದಖನಿಯಲ್ಲಿ ‘ಆಯಾ, ಆಯಾ’. ಖಾನಾವಳಿಯಲ್ಲಿ ರೊಟ್ಟಿ ಇನ್ನೂ ಹಂಚಿನ ಮೇಲಿರುವಾಗಲೇ ‘ಬಂತ್ರಿ’ ಎಂದು ಕೂಗು ಬರುತ್ತದೆ. ಮುಂದಿನದನ್ನು ಆಗಿಹೋಯಿತು ಎಂದು ಹೇಳಿ ಸಮಾಧಾನಪಡಿಸುವ ಜಾಣತನ ಅದು. ಇಂಗ್ಲಿಷಿಗೆ ಆ ಜಾಣತನ ಇಲ್ಲ. ‘ಐ ಕೇಮ್’ ಎಂದರೆ ಬಂದು ಎದುರಿಗೆ ನಿಂತಿರಬೇಕು. ಅಲ್ಲಿ ‘ಐ ಆ್ಯಮ್ ಕಮಿಂಗ್’.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಅಂಕ ತಿನ್ನುವ ತಪ್ಪು: ‘ಇಫ್ ಇಟ್ ವಿಲ್ ರೇನ್’, ‘ವೆನ್ ಐ ವಿಲ್ ರೀಚ್’. ಷರತ್ತು ಮತ್ತು ಸಮಯ ಹೇಳುವ ಉಪವಾಕ್ಯದಲ್ಲಿ ಸಾಮಾನ್ಯವಾಗಿ ‘ವಿಲ್’ ಬರುವುದಿಲ್ಲ. ‘ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ’, ‘ವೆನ್ ಐ ರೀಚ್ ಮುಧೋಳ್, ಐ ವಿಲ್ ಕಾಲ್ ಯೂ’ ಎಂದೇ ಹೇಳಬೇಕು. ಕನ್ನಡವನ್ನು ನೋಡಿರಿ, ‘ಮಳೆ ಬಂದರೆ’, ‘ಮುಟ್ಟಿದ ಮೇಲೆ’. ಬಂದ, ಮುಟ್ಟಿದ ಎರಡೂ ಭೂತಕಾಲದ ಅಂಗಗಳು! ದಖನಿಯ ‘ಪಾನಿ ಆಯಾ ತೋ’ ಕೂಡ ಹಾಗೆಯೇ. ನಾವೂ ಅಲ್ಲಿ ಭವಿಷ್ಯತ್ ಬಳಸುವುದಿಲ್ಲ. ಶಿಷ್ಟ ಉರ್ದುವಿನಲ್ಲಿ ಮಾತ್ರ ‘ಅಗರ್ ಬಾರಿಶ್ ಹೋಗೀ ತೋ’ ಎನ್ನಲು ಬರುತ್ತದೆ, ಉರ್ದು ಮಾಧ್ಯಮದ ಮಕ್ಕಳಿಗೆ ‘ಇಫ್ ಇಟ್ ವಿಲ್’ ಸಹಜ ಎನಿಸಲು ಅದೂ ಒಂದು ಕಾರಣ. ಅಂಥ ಕಡೆ ಮನೆಯ ದಖನಿಯನ್ನು ನೆನೆಸಿಕೊಳ್ಳಿರಿ. ಮನೆಮಾತು ಒರಟು ಎಂದು ನಾಚುವ ಮಕ್ಕಳಿಗೆ ಅದು ಇಂಗ್ಲಿಷ್ ವ್ಯಾಕರಣ ಕಲಿಸುತ್ತದೆ ಎಂದು ಹೇಳುವುದು ನನಗೆ ಬಹಳ ಪ್ರಿಯವಾದ ಕೆಲಸ.

ಇನ್ನು ಕಾಗದಪತ್ರದ ನಾಳೆಗೆ ಬರೋಣ. ಕಾನೂನಿನಲ್ಲಿ ‘ಶಲ್’ ಎಂದರೆ ಭವಿಷ್ಯವಲ್ಲ, ಕಟ್ಟಳೆ. ಅದೇ ಹಳೆಯ ಸಾಲದ ಅರ್ಥ. ಕನ್ನಡದ ಕಾನೂನು ಪುಸ್ತಕಗಳು ಅದನ್ನು ‘ತಕ್ಕದ್ದು’ ಎಂದು ಅನುವಾದಿಸುತ್ತವೆ: ಸಭೆ ಸೇರತಕ್ಕದ್ದು, ಲೆಕ್ಕ ಒಪ್ಪಿಸತಕ್ಕದ್ದು. ‘ಮೇ’ ಎಂದಿದ್ದರೆ ಸಾಮಾನ್ಯವಾಗಿ ಮಾಡಬಹುದು, ಬಿಡಲೂಬಹುದು. ನಮ್ಮಂಥ ಸಂಘಗಳು ಶಾಲೆ ಕಟ್ಟಿ ನಡೆಸಲು ಆಧಾರವಾದ ಸಂವಿಧಾನದ 30ನೇ ವಿಧಿಯಲ್ಲಿ, ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಇರುತ್ತದೆ ಎನ್ನುವಲ್ಲಿ ಇರುವುದು ‘ಶಲ್’. ಮುಂದೆ ಯಾವಾಗಲೋ ಹಕ್ಕು ಬರುತ್ತದೆ ಎಂದು ಅರ್ಥವಲ್ಲ, ಇದೆ ಮತ್ತು ಇರತಕ್ಕದ್ದು.

ಆದರೆ ‘ಶಲ್’ ಪಕ್ಕದಲ್ಲಿ ಏನಿದೆ ಎಂಬುದನ್ನೂ ನೋಡಬೇಕು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೇ ವಿಧಿ, ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣದ ಮಾತಾಡಿತ್ತು. ಅಲ್ಲಿ ಬಳಸಿದ ಕ್ರಿಯಾಪದ ‘ಶಲ್ ಎಂಡೆವರ್’. ಎಂಡೆವರ್ ಎಂದರೆ ಪ್ರಯತ್ನ. ಸರಕಾರದ ಮೇಲೆ ಬಂದ ಕಟ್ಟಳೆ ಪ್ರಯತ್ನಿಸುವುದು, ಕೊಡುವುದಲ್ಲ. ಹತ್ತು ವರ್ಷ 1960ಕ್ಕೆ ಮುಗಿದವು, ಪ್ರಯತ್ನ ಮುಗಿಯಲಿಲ್ಲ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹದಿನಾಲ್ಕು ವರ್ಷದವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕು ಎಂದಿತು. 2002ರ 86ನೇ ತಿದ್ದುಪಡಿ 21ಎ ವಿಧಿಯನ್ನು ಸೇರಿಸಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿ ಅಲ್ಲಿ ಬಂದ ಕ್ರಿಯಾಪದ ‘ಶಲ್ ಪ್ರೊವೈಡ್’. ಅದೂ ಜಾರಿಗೆ ಬಂದದ್ದು 2009ರ ಶಿಕ್ಷಣ ಹಕ್ಕು ಕಾಯಿದೆಯೊಂದಿಗೆ, 2010ರ ಏಪ್ರಿಲ್ 1ರಂದು. ‘ಎಂಡೆವರ್’ ಎಂಬ ಒಂದು ಶಬ್ದವನ್ನು ವಾಕ್ಯದಿಂದ ತೆಗೆಯಲು ಅರವತ್ತು ವರ್ಷ ಹಿಡಿಯಿತು. ಆ ನಡುವೆ ಶಾಲೆ ಬಿಟ್ಟು ಮಗ್ಗಕ್ಕೆ, ಹೊಲಕ್ಕೆ, ಗ್ಯಾರೇಜಿಗೆ ಹೋದವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ.

ಸರಕಾರಿ ಕನ್ನಡಕ್ಕೆ ತನ್ನದೇ ಒಂದು ಭವಿಷ್ಯತ್ ಕಾಲ ಇದೆ: ‘ಲಾಗುವುದು’. ಕ್ರಮ ಕೈಗೊಳ್ಳಲಾಗುವುದು, ಪರಿಶೀಲಿಸಲಾಗುವುದು. ಇಂಗ್ಲಿಷಿನಲ್ಲಿ ‘ವಿಲ್ ಬಿ ಟೇಕನ್’, ‘ವಿಲ್ ಬಿ ಎಕ್ಸಾಮಿನ್ಡ್’. ಮಾಡುವವರು ಯಾರು ಎಂಬುದು ಆ ವಾಕ್ಯದಲ್ಲಿ ಇರುವುದೇ ಇಲ್ಲ. ಬೀಳಗಿ ಭಾಗದವರಿಗೆ ಈ ವ್ಯಾಕರಣ ನಾನು ಕಲಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು, ಹೊಲ ಬಿಟ್ಟು ಬಂದ ಮನೆಗಳ ಮಕ್ಕಳು ನೀವು. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಾಗ ಮತ್ತೆ ಅದೇ ಮಾತುಗಳು ಬಂದವು: ಮುಳುಗಡೆಯಾಗುವುದು, ಪರಿಹಾರ ನೀಡಲಾಗುವುದು. ಇಂಥ ಕಾಗದ ಕೈಗೆ ಬಂದಾಗ ಮನೆಯ ಓದಿದ ಮಗುವಾಗಿ ನೀವು ನೋಡಬೇಕಾದದ್ದು ಮೂರು: ಕರ್ತೃ ಯಾರು, ತಾರೀಖು ಯಾವುದು, ಇಂಗ್ಲಿಷ್ ಪ್ರತಿಯಲ್ಲಿ ‘ಶಲ್’ ಇದೆಯೋ ‘ಮೇ’ ಇದೆಯೋ.

ಕರ್ತೃ ಸಿಕ್ಕರೆ ವಾಕ್ಯಕ್ಕೆ ಎಂಥ ಬಲ ಬರುತ್ತದೆ ಎಂಬುದಕ್ಕೆ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಇದೆ. ಅಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ‘ಕಟ್ಟಲಾಗುವುದು’ ಎಂದು ಕಾಯುವ ಬದಲು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ‘ನಾವು ಕಟ್ಟಾವ್ರ ಅದೀವಿ’ ಎಂದರು, ತಾವೇ ದುಡ್ಡು ಹಾಕಿ, ತಾವೇ ದುಡಿದು 1989ರಲ್ಲಿ ಕಟ್ಟಿ ಮುಗಿಸಿದರು. ಶ್ರಮಬಿಂದು ಸಾಗರ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ.

ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿ ಮಾಡಿ ಕುಳಿತುಕೊಳ್ಳುತ್ತೇನೆ. ನಮ್ಮ ವಾರ್ಷಿಕ ವರದಿಯನ್ನು ಇಂಗ್ಲಿಷಿಗೆ ಅನುವಾದಿಸುವ ಕೆಲಸವನ್ನು ಈ ಸಲ ಪಿ.ಯು.ಸಿ. ಮಕ್ಕಳಿಗೆ ಕೊಡಿರಿ. ‘ಹೆಣ್ಣುಮಕ್ಕಳಿಗೆ ವಸತಿ ನಿಲಯ ಆರಂಭಿಸಲಾಗುವುದು’ ಎಂಬಂಥ ವಾಕ್ಯ ಬಂದ ಕೂಡಲೇ ಅವರು ಪೆನ್ನು ಕೆಳಗಿಟ್ಟು, ‘ಸರ್, ಇಲ್ಲಿ ವಿಲ್ ಹಾಕೋದೋ, ಆರ್ ಗೋಯಿಂಗ್ ಟು ಹಾಕೋದೋ, ಹೋಪ್ ಟು ಹಾಕೋದೋ? ಆರಂಭಿಸುವವರು ಯಾರು? ಜಾಗ ಆಗೇದೇನ್ರಿ?’ ಎಂದು ಕೇಳುತ್ತಾರೆ. ಕಾರ್ಯದರ್ಶಿಗಳು ದಯವಿಟ್ಟು ಸಿಟ್ಟಾಗದೆ ಉತ್ತರ ಹೇಳಬೇಕು, ಮಕ್ಕಳು ಆ ಉತ್ತರಕ್ಕೆ ತಕ್ಕ ಕ್ರಿಯಾಪದ ಬರೆದುಕೊಳ್ಳಲಿ.